ಅಲೈನರ್ ಹಾಕಿದ ಮೊದಲ ವಾರ: ಯಾವ ನೋವು ಸಹಜ, ಯಾವುದಕ್ಕೆ ಡಾಕ್ಟರ್‌ಗೆ ಫೋನ್ ಮಾಡಬೇಕು?

ಇವತ್ತು ನನ್ನ ಮಾತಲ್ಲಿ 'ಸ', 'ಶ' ಸ್ವಲ್ಪ ಜಾರ್ತಾ ಇದ್ರೆ ಕ್ಷಮಿಸಿ. ಬಾಯಲ್ಲಿ ಅಲೈನರ್ ಇದೆ. ಹಾಕ್ಸಿಕೊಂಡು ಹನ್ನೊಂದು ದಿನ ಆಯ್ತು.

ಮೊದಲ ರಾತ್ರಿ ಹಲ್ಲುಗಳನ್ನ ಯಾರೋ ಬಿಗಿಯಾಗಿ ಹಿಡ್ಕೊಂಡು ಕೂತ ಹಾಗಿತ್ತು. ಮರುದಿನ ಅನ್ನ-ಸಾರು ಹೇಗೋ ಹೋಯ್ತು, ಚಪಾತಿ ಅಗಿಯೋಕೆ ಆಗ್ಲಿಲ್ಲ. ಊಟಕ್ಕೆ ತೆಗೆದಾಗ ಎಷ್ಟು ಹಾಯ್ ಅನ್ನಿಸ್ತು ಅಂದ್ರೆ, ಐದು ಗಂಟೆ ವಾಪಸ್ ಹಾಕಲೇ ಇಲ್ಲ. ರಾತ್ರಿ ಹಾಕುವಾಗ ಕಣ್ಣಲ್ಲಿ ನೀರು ಬಂತು.

ಯಾಕೆ ಹೀಗಾಗುತ್ತೆ? ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ, ನಡುವೆ ತೆಳುವಾದ ನಾರಿನ ಪದರ ಇದೆ. ಟ್ರೇ ಮಾಡಿರೋದು ಹಲ್ಲು ಈಗಿರುವ ಜಾಗದ ಅಳತೆಗಲ್ಲ, ಹೋಗಬೇಕಾದ ಜಾಗದ ಅಳತೆಗೆ. ಒಂದು ಟ್ರೇಗೆ ಸಾಮಾನ್ಯವಾಗಿ ಸುಮಾರು 0.25 ಮಿಲಿಮೀಟರ್ ವ್ಯತ್ಯಾಸ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತೆ, ಇನ್ನೊಂದು ಕಡೆ ಹೊಸದಾಗಿ ಬೆಳೆಯುತ್ತೆ. ಈ ಕೆಲಸ ನಡೆಯುವಾಗ ಆ ಪದರದಲ್ಲಿ ಆಗುವ ಉರಿಯೂತವೇ ನಮ್ಮ ನೋವು. ಮೊದಲ ಒಂದೆರಡು ದಿನ ಜಾಸ್ತಿ ಇರುತ್ತೆ, ಆಮೇಲೆ ಇಳಿಯುತ್ತೆ.

ಟ್ರೇ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು ಅನ್ನೋದು ಇದಕ್ಕೇ. ತೆಗೆದಿಟ್ರೆ ಹಲ್ಲು ಹಳೇ ಜಾಗದ ಕಡೆ ವಾಲುತ್ತೆ, ಮತ್ತೆ ಹಾಕಿದಾಗ ಅದೇ ನೋವು ಮೊದಲಿಂದ. ನಾನು ಬಿಕಾಂ ಓದಿದವನು, ನನಗೆ ಅರ್ಥ ಆಗಿದ್ದು ಹೀಗೆ: ಇಎಂಐ ತಪ್ಪಿಸಿದ್ರೆ ಸಾಲ ಹೋಗಲ್ಲ, ಮೇಲೆ ದಂಡ ಬೀಳುತ್ತೆ. ಹೀಗೇ ಮುಂದುವರಿದ್ರೆ ಮುಂದಿನ ಟ್ರೇ ಕೂರೋದೇ ಇಲ್ಲ. ಟ್ರೀಟ್‌ಮೆಂಟ್ ಎಳೆಯುತ್ತೆ, ದುಡ್ಡೂ ಹೋಗುತ್ತೆ.

ನನಗೆ ಕೆಲಸಕ್ಕೆ ಬಂದಿದ್ದು ಇಷ್ಟು. ಹೊಸ ಟ್ರೇ ಮಲಗೋ ಮುಂಚೆ ಹಾಕೋದು; ಬಿಗಿತ ಜಾಸ್ತಿ ಇರೋ ಮೊದಲ ಗಂಟೆಗಳು ನಿದ್ದೆಯಲ್ಲೇ ಕಳೆಯುತ್ತವೆ. ಎರಡು ದಿನ ಮೊಸರನ್ನ, ಇಡ್ಲಿ, ಗಂಜಿ. ಕುಡಿಯೋಕೆ ತಣ್ಣೀರು. ಟ್ರೇ ಹಾಕ್ಕೊಂಡು ಬಿಸಿ ಕಾಫಿ ಬೇಡ, ಬಿಸಿನೀರಲ್ಲಿ ತೊಳೆಯೋದೂ ಬೇಡ; ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಅಂಚು ಕೆನ್ನೆಗೆ ತಾಗ್ತಾ ಇದ್ರೆ ಡೆಂಟಲ್ ವ್ಯಾಕ್ಸ್ ಹಚ್ಚಬಹುದು. ಮಾತಿಗೆ, ದಿನಾ ಹತ್ತು ನಿಮಿಷ ಪೇಪರ್ ಜೋರಾಗಿ ಓದಿ. ನೋವಿನ ಮಾತ್ರೆ ಯಾವುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಆದ್ರೆ ಎಲ್ಲಾ ನೋವನ್ನೂ ಹಲ್ಲುಕಚ್ಚಿ ಸಹಿಸಬೇಡಿ. ವಾರ ಕಳೆದ್ರೂ ಕಡಿಮೆ ಆಗದಿದ್ರೆ, ಒಂದೇ ಹಲ್ಲು ಚುಚ್ಚಿದ ಹಾಗೆ ನೋಯ್ತಿದ್ರೆ, ವಸಡು ಊದಿ ಕೀವು ಬಂದ್ರೆ, ಟ್ರೇ ಹಲ್ಲಿಗೆ ಕೂರದೆ ಸಂದಿ ಕಾಣ್ತಿದ್ರೆ ತಕ್ಷಣ ಫೋನ್ ಮಾಡಿ. ಮುಖ ಊದಿಕೊಂಡು ಉಸಿರಾಟಕ್ಕೆ ಕಷ್ಟ ಆದ್ರೆ ಟ್ರೇ ತೆಗೆದು ಸೀದಾ ಆಸ್ಪತ್ರೆಗೆ ಹೋಗಿ.

ನಾಡಿದ್ದು ನನ್ನ ಎರಡನೇ ಟ್ರೇ. ರಾತ್ರಿ ಊಟಕ್ಕೆ ಮೊಸರನ್ನ ಅಂತ ಅಮ್ಮನಿಗೆ ಈಗಲೇ ಹೇಳಿಟ್ಟಿದ್ದೀನಿ. ಮುಂದಿನ ವಾರ ಸಿಗೋಣ.