ಮುಳುಗಿಸಿದ ಹಡಗಿನ ಲೆಕ್ಕ ಬರೆಯುವವರಾರು?

ಸರ್ಕಾರಿ ಸೇವೆಯಲ್ಲಿದ್ದಾಗ ಹಳೆಯ ಜೀಪುಗಳನ್ನು ಹರಾಜು ಹಾಕುವ ಕಡತಗಳು ಆಗಾಗ ನನ್ನ ಮೇಜಿಗೆ ಬರುತ್ತಿದ್ದವು. ಜೀಪನ್ನು ಕೊಳ್ಳುವಾಗ ಬೇಕಾಗುತ್ತಿದ್ದುದಕ್ಕಿಂತ ಹೆಚ್ಚು ಸಹಿಗಳು ಅದನ್ನು ವಿಲೇವಾರಿ ಮಾಡುವಾಗ ಬೇಕಾಗುತ್ತಿದ್ದವು. ಈಚೆಗೆ ಮೊಮ್ಮಗನೊಡನೆ ಕಾರವಾರಕ್ಕೆ ಹೋಗಿದ್ದಾಗ ಆ ಕಡತಗಳು ನೆನಪಾದವು. ಅಲ್ಲಿನ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನೌಕಾಪಡೆಯ ನಿವೃತ್ತ ಕ್ಷಿಪಣಿ ನೌಕೆ ಐಎನ್‌ಎಸ್ ಚಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅದನ್ನು ಸುತ್ತಿ ಬಂದ ಹುಡುಗ, ‘ತಾತ, ವಯಸ್ಸಾದ ಹಡಗುಗಳನ್ನೆಲ್ಲ ಹೀಗೇ ಇಡುತ್ತಾರಾ?’ ಎಂದು ಕೇಳಿದ.

ಇಲ್ಲ. ಚಪಲ್‌ಗೆ ದೊರೆತ ಭಾಗ್ಯ ಕೆಲವಕ್ಕೆ ಮಾತ್ರ. ಹೆಚ್ಚಿನವು ಗುಜರಿಗೆ ಹೋಗುತ್ತವೆ. ಕೆಲವನ್ನು ಮೀನುಗಳಿಗೆ ಆಸರೆಯಾಗಲೆಂದು ಸಮುದ್ರದ ತಳಕ್ಕೆ ಇಳಿಸಲಾಗುತ್ತದೆ. ಇನ್ನು ಕೆಲವನ್ನು ನಡುಗಡಲಿಗೆ ಎಳೆದೊಯ್ದು, ತಮ್ಮದೇ ಪಡೆಯ ಕ್ಷಿಪಣಿ, ಬಾಂಬು, ಟಾರ್ಪೆಡೊಗಳಿಗೆ ಗುರಿಯಾಗಿಸಿ ಮುಳುಗಿಸಲಾಗುತ್ತದೆ.

ಇದು ಹೊಸ ಪದ್ಧತಿಯೇನಲ್ಲ. 1921ರಲ್ಲಿ ಅಮೆರಿಕದ ವಾಯುದಳದ ಬಿಲ್ಲಿ ಮಿಚೆಲ್, ಜರ್ಮನಿಯಿಂದ ಪಡೆದ ಓಸ್ಟ್‌ಫ್ರೀಸ್‌ಲ್ಯಾಂಡ್ ಎಂಬ ಯುದ್ಧನೌಕೆಯನ್ನು ಬಾಂಬುಗಳಿಂದ ಮುಳುಗಿಸಿ ವಿಮಾನದ ಶಕ್ತಿಯನ್ನು ತೋರಿಸಿಕೊಟ್ಟರು. 2005ರ ಮೇ ತಿಂಗಳಿನಲ್ಲಿ ಅಮೆರಿಕ ನೌಕಾಪಡೆ ‘ಅಮೆರಿಕ’ ಎಂಬ ಹೆಸರಿನ ವಿಮಾನವಾಹಕ ನೌಕೆಯನ್ನೇ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿತು. ಅದರ ಮೇಲೆ ಸುಮಾರು ನಾಲ್ಕು ವಾರಗಳ ಕಾಲ ಸ್ಫೋಟ ಪರೀಕ್ಷೆಗಳು ನಡೆದಿದ್ದವು. ಅದರಲ್ಲಿ ದುಡಿದ ನಾವಿಕರು ನೌಕೆಯನ್ನು ವಸ್ತುಸಂಗ್ರಹಾಲಯವಾಗಿಸಿ ಎಂದು ಕೇಳಿಕೊಂಡರೂ ಫಲವಾಗಲಿಲ್ಲ. 2024ರ ಜುಲೈನಲ್ಲಿ, ಹವಾಯಿ ಬಳಿಯ ‘ರಿಮ್‌ಪ್ಯಾಕ್’ ಬಹುರಾಷ್ಟ್ರೀಯ ಸಮರಾಭ್ಯಾಸದಲ್ಲಿ ‘ತರಾವಾ’ ಎಂಬ ಬೃಹತ್ ನೌಕೆಯೂ ಇದೇ ರೀತಿ ತಳ ಸೇರಿತು. ನಮ್ಮ ನೌಕಾಪಡೆಯೂ ಇದಕ್ಕೆ ಹೊರತಲ್ಲ. 2020ರ ಅಕ್ಟೋಬರ್‌ನಲ್ಲಿ ಐಎನ್‌ಎಸ್ ಪ್ರಬಲ್‌ನಿಂದ ಹಾರಿದ ಕ್ಷಿಪಣಿ ಅರಬ್ಬಿ ಸಮುದ್ರದಲ್ಲಿ ಹಳೆಯ ಹಡಗೊಂದಕ್ಕೆ ಬಡಿದ ದೃಶ್ಯವನ್ನು ನೌಕಾಪಡೆಯೇ ಬಿಡುಗಡೆ ಮಾಡಿತ್ತು.

ಇದರ ಹಿಂದಿನ ಸೈನಿಕ ತರ್ಕವನ್ನು ಹಗುರವಾಗಿ ಕಾಣುವಂತಿಲ್ಲ. ಉಕ್ಕಿನ ಹತ್ತಾರು ಕೋಣೆಗಳಾಗಿ ವಿಂಗಡಿಸಿ ಕಟ್ಟಿದ ನಿಜವಾದ ಹಡಗಿಗೆ ನಿಜವಾದ ಸಿಡಿತಲೆ ಬಡಿದಾಗ ಏನಾಗುತ್ತದೆ ಎಂಬುದನ್ನು ಕಂಪ್ಯೂಟರಿನ ಲೆಕ್ಕಾಚಾರ ಪೂರ್ತಿಯಾಗಿ ಹೇಳಲಾರದು. ‘ಅಮೆರಿಕ’ದ ಮೇಲಿನ ಪರೀಕ್ಷೆಗಳ ಉದ್ದೇಶವೇ ಮುಂದಿನ ವಿಮಾನವಾಹಕ ನೌಕೆಗಳನ್ನು ಇನ್ನಷ್ಟು ಗಟ್ಟಿಯಾಗಿ ಕಟ್ಟುವುದಾಗಿತ್ತು. ಆ ಪಾಠದಿಂದ ನಾಳೆ ನೂರು ನಾವಿಕರ ಪ್ರಾಣ ಉಳಿಯುವುದಾದರೆ ಅದಕ್ಕೊಂದು ಹಳೆಯ ಹಡಗನ್ನು ತೆತ್ತರೆ ತಪ್ಪೇನು ಎಂದು ಕೇಳುವವರಿಗೆ ನನ್ನ ತಕರಾರಿಲ್ಲ. ಹಡಗು ಕಟ್ಟಲು ಹಿಂದೆಂದೋ ಮಾಡಿದ ಖರ್ಚು ಅರ್ಥಶಾಸ್ತ್ರದ ಭಾಷೆಯಲ್ಲಿ ‘ಮುಳುಗಿದ ವೆಚ್ಚ’. ಅದನ್ನು ನೆನೆದು ಮರುಗಿ ಫಲವಿಲ್ಲ.

ನನ್ನ ಪ್ರಶ್ನೆ ಇನ್ನು ಮುಂದಿನ ವೆಚ್ಚದ್ದು. 2021ರಲ್ಲಿ ಅಮೆರಿಕ ನೌಕಾಪಡೆಯು ಕಿಟ್ಟಿ ಹಾಕ್ ಮತ್ತು ಜಾನ್ ಎಫ್. ಕೆನಡಿ ಎಂಬ ಎರಡು ದೈತ್ಯ ವಿಮಾನವಾಹಕ ನೌಕೆಗಳನ್ನು ಗುಜರಿ ಕಂಪನಿಗೆ ತಲಾ ಒಂದು ಸೆಂಟಿಗೆ ಕೊಟ್ಟಿತು. ಅವುಗಳಿಗಿಂತ ಎಷ್ಟೋ ಚಿಕ್ಕದಾದ ನಮ್ಮ ಐಎನ್‌ಎಸ್ ವಿರಾಟ್ ಗುಜರಾತಿನ ಅಲಂಗ್‌ಗೆ ಹೋದದ್ದು 38 ಕೋಟಿ ರೂಪಾಯಿಗೂ ಹೆಚ್ಚಿನ ಬೆಲೆಗೆ. ಉಕ್ಕು ಎಲ್ಲಿಯಾದರೂ ಉಕ್ಕೇ. ಬೆಲೆಯಲ್ಲಿ ಇಷ್ಟು ಅಂತರವೇಕೆ? ಹಳೆಯ ನೌಕೆಯೊಳಗಿನ ಕಲ್ನಾರು, ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ, ಸೀಸದ ಬಣ್ಣ ಇವನ್ನೆಲ್ಲ ಕಾನೂನಿನಂತೆ ತೆಗೆದು ವಿಲೇವಾರಿ ಮಾಡುವ ಖರ್ಚು ಅಲ್ಲಿ ಉಕ್ಕಿನ ಬೆಲೆಯನ್ನೇ ನುಂಗಿಬಿಡುತ್ತದೆ. ನಮ್ಮಲ್ಲಿ ಕೂಲಿ ಅಗ್ಗ. ಜೊತೆಗೆ ಆ ಖರ್ಚಿನ ಒಂದು ಪಾಲನ್ನು ಕಾರ್ಮಿಕನ ಶ್ವಾಸಕೋಶವೂ ಕಡಲತೀರವೂ ಯಾವ ರಸೀದಿಯೂ ಇಲ್ಲದೆ ಬಹುಕಾಲ ಭರಿಸಿವೆ. ಕಲ್ನಾರು ತುಂಬಿದ್ದ ಫ್ರಾನ್ಸಿನ ಕ್ಲೆಮಾನ್ಸೊ ನೌಕೆ ಅಲಂಗ್‌ಗೆ ಹೊರಟಾಗ ಎದ್ದ ಪ್ರತಿಭಟನೆ ಅನೇಕರಿಗೆ ನೆನಪಿರಬಹುದು. 2006ರ ಫೆಬ್ರುವರಿಯಲ್ಲಿ ಅಧ್ಯಕ್ಷ ಶಿರಾಕ್ ಅದನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು.

ಈ ಲೆಕ್ಕದಲ್ಲಿ ನೋಡಿದರೆ ಹಡಗನ್ನು ಮುಳುಗಿಸುವುದು ಅತ್ಯಂತ ಅಗ್ಗದ ದಾರಿಯಂತೆ ಕಾಣುತ್ತದೆ. ವಾಸ್ತವದಲ್ಲಿ ವೆಚ್ಚ ಇಲ್ಲವಾಗುವುದಿಲ್ಲ, ಬಿಲ್ಲು ಕಳುಹಿಸಲಾರದ ಸಮುದ್ರದ ಖಾತೆಗೆ ವರ್ಗವಾಗುತ್ತದೆ. ಪಿಸಿಬಿ ಬೇಗ ನಾಶವಾಗುವ ವಸ್ತುವಲ್ಲ. ಅದು ಜಲಚರಗಳ ಕೊಬ್ಬಿನಲ್ಲಿ ಸಂಗ್ರಹವಾಗಿ, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಸಾಗುತ್ತ ಸಾಂದ್ರವಾಗುತ್ತದೆ.

ಅಮೆರಿಕದಲ್ಲಿ ಇದಕ್ಕೆ ಲಿಖಿತ ನಿಯಮಗಳಿವೆ. ಗುರಿನೌಕೆಯನ್ನು ತೀರದಿಂದ ಕನಿಷ್ಠ 50 ನಾಟಿಕಲ್ ಮೈಲು, ಅಂದರೆ ಸುಮಾರು 93 ಕಿಲೋಮೀಟರ್ ದೂರದಲ್ಲಿ, ಕನಿಷ್ಠ 1,800 ಮೀಟರ್ ಆಳದ ನೀರಿನಲ್ಲಿಯೇ ಮುಳುಗಿಸಬೇಕು. ಅದಕ್ಕೆ ಮೊದಲು ಇಂಧನ ತೆಗೆದು ಶುಚಿಗೊಳಿಸಬೇಕು. ವರ್ಷಕ್ಕೊಮ್ಮೆ ಪರಿಸರ ಸಂರಕ್ಷಣಾ ಸಂಸ್ಥೆಗೆ ವರದಿ ಸಲ್ಲಿಸಬೇಕು. ಈ ನಿಯಮಗಳೂ ಸಾಲವೆಂದು ಅಲ್ಲಿನ ಪರಿಸರ ಸಂಘಟನೆಗಳು 2011ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದವು. ನಿಯಮ ಬರಹದಲ್ಲಿ ಇದ್ದುದರಿಂದಲೇ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ನಮ್ಮಲ್ಲಿ 2019ರಲ್ಲಿ ಹಡಗುಗಳ ಮರುಬಳಕೆ ಕಾಯ್ದೆ ಬಂದಿತು. ಅದೇ ವರ್ಷ ಭಾರತ ಹಾಂಗ್‌ಕಾಂಗ್ ಒಪ್ಪಂದವನ್ನೂ ಸೇರಿತು. ಆ ಒಪ್ಪಂದ 2025ರ ಜೂನ್‌ನಲ್ಲಿ ಜಾರಿಗೆ ಬಂದಿದೆ. ಹಡಗಿನಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿ ಇರಬೇಕೆಂದು ಇವೆರಡೂ ವಿಧಿಸುತ್ತವೆ. ಇವು ಸ್ವಾಗತಾರ್ಹ ಹೆಜ್ಜೆಗಳು. ಆದರೆ ಎರಡೂ ಯುದ್ಧನೌಕೆಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಸೇವೆಯಲ್ಲಿರುವ ನೌಕೆಗೆ ಇಂಥ ವಿನಾಯಿತಿ ಬೇಕು, ಅದರ ರಹಸ್ಯಗಳನ್ನು ಕಾಯಲೇಬೇಕು. ಆಯುಧ, ರಾಡಾರ್‌ಗಳನ್ನೆಲ್ಲ ಕಳಚಿಟ್ಟ ನಿವೃತ್ತ ನೌಕೆಯ ಗೋಡೆಯೊಳಗಿನ ಕಲ್ನಾರಿನಲ್ಲಿ ಯಾವ ರಹಸ್ಯ ಉಳಿದಿರುತ್ತದೆ?

ಇದಕ್ಕೆ ಪರಿಹಾರ ಕಷ್ಟವೇನಲ್ಲ. ನೌಕೆ ನಿವೃತ್ತವಾದ ದಿನವೇ ಅದರೊಳಗಿನ ವಿಷವಸ್ತುಗಳ ಪಟ್ಟಿ ಸಿದ್ಧವಾಗಲಿ. ವಸ್ತುಸಂಗ್ರಹಾಲಯ, ಗುಜರಿ, ಗುರಿನೌಕೆ ಇವುಗಳಲ್ಲಿ ಯಾವುದನ್ನು ಏಕೆ ಆರಿಸಲಾಯಿತು ಎಂಬುದು ಒಂದು ಪುಟದ ಟಿಪ್ಪಣಿಯಲ್ಲಿ ದಾಖಲಾಗಲಿ. ಮುಳುಗಿಸುವುದೇ ತೀರ್ಮಾನವಾದರೆ ದೂರ, ಆಳ, ಶುಚಿಗೊಳಿಸಿದ ವಿವರ ಇವು ಅಭ್ಯಾಸ ಮುಗಿದ ಬಳಿಕವಾದರೂ ಸಂಸತ್ತಿನ ಮುಂದೆ ಬರಲಿ. ಕರಾವಳಿಯ ಮೀನುಗಾರನಿಗೆ ತನ್ನ ಕಡಲಿಗೆ ಏನು ಸೇರುತ್ತಿದೆ ಎಂದು ತಿಳಿಯುವ ಹಕ್ಕಿದೆ. ಇದರಿಂದ ದೇಶದ ರಕ್ಷಣೆಗೆ ಕುಂದಾಗದು.

ಹಳೆಯ ಜೀಪೊಂದನ್ನು ಮಾರಲು ಏಳು ಸಹಿ ಕೇಳುತ್ತಿದ್ದ ಸರ್ಕಾರ, ಹಡಗೊಂದನ್ನು ಮುಳುಗಿಸುವಾಗ ಒಂದು ಪುಟದ ಲೆಕ್ಕ ಬರೆದಿಟ್ಟರೆ ಹೆಚ್ಚೇನಲ್ಲ. ಮೊಮ್ಮಗನಿಗೆ ಆ ದಿನ ಇಷ್ಟನ್ನೆಲ್ಲ ಹೇಳಲಾಗಲಿಲ್ಲ. ಅವನು ದೊಡ್ಡವನಾಗಿ ಮತ್ತೆ ಕೇಳುವ ಹೊತ್ತಿಗೆ ತೋರಿಸಲು ಆ ಒಂದು ಪುಟವಾದರೂ ಇರಲಿ.