ಆ ‘ಒಪ್ಪಿಗೆ’ ಒತ್ತುವವರು ಯಾರು?

ಸಹೋದರಿ, ನಿಮ್ಮ ಮೊಬೈಲಿನಲ್ಲಿರುವ ಇನ್‌ಸ್ಟಾಗ್ರಾಂ ಖಾತೆ ನಿಮ್ಮದೋ, ಮಗಳದೋ? ಹಳೇ ಹುಬ್ಬಳ್ಳಿಯ ಒಂದು ಮನೆಯಲ್ಲಿ ಹೀಗೆ ಕೇಳಿದಾಗ ತಾಯಿ ನಕ್ಕುಬಿಟ್ಟರು. ಹೆಸರು ಅವರದು, ನಡೆಸುವವಳು ಆರನೇ ತರಗತಿಯ ಮಗಳು. ಹದಿಮೂರು ತುಂಬದವರಿಗೆ ಖಾತೆಯಿಲ್ಲ ಎಂಬ ನಿಯಮ ಕಂಪೆನಿಯದ್ದೇ. ಆದರೆ ಹುಟ್ಟಿದ ವರ್ಷ ಸುಳ್ಳು ಬರೆದರೆ ಬಾಗಿಲು ತೆರೆಯುತ್ತದೆ. ಇಲ್ಲಿ ಬರೆದುಕೊಟ್ಟವನು ಅಣ್ಣ.

ಈ ಸಡಿಲು ಬಹಳ ದಿನ ನಡೆಯದು. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ವಿಚಾರಣೆಯೊಂದರ ವೇಳೆ, ಸಾಮಾಜಿಕ ಜಾಲತಾಣಕ್ಕೆ ವಯೋಮಿತಿ ಬೇಕು, 21 ಆದರೂ ಸರಿ ಎಂದಿತ್ತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಖಾತೆ ನಿಷೇಧಿಸಿತು; ದಂಡ ಕಂಪೆನಿಗೆ, ಮನೆಯವರಿಗಲ್ಲ. ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಂತೆ 18ರೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಇದರ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿವೆ.

ಓದಲು ಬಾರದ ತಾಯಿ “ನೀನೇ ಒತ್ತಿಬಿಡು ಬೇಟಿ” ಎಂದು ಓಟಿಪಿ ಹೇಳಿಬಿಟ್ಟರೆ? ಮಗುವೇ ತನಗೆ ತಾನು ಅನುಮತಿ ಕೊಟ್ಟುಕೊಂಡಂತಾಯಿತು. ಓಟಿಪಿ ಬಂದಾಗ ಅದು ಯಾತಕ್ಕೆಂದು ಕೇಳಿ, ಮತ್ತೊಬ್ಬರಿಂದ ಓದಿಸಿ.

ತಪ್ಪು ನಮ್ಮ ಶಿಕ್ಷಕರದ್ದೂ ಇದೆ. ಕೊರೋನಾ ಕಾಲದ ವಾಟ್ಸಾಪ್ ಹೋಮ್‌ವರ್ಕ್ ಇನ್ನೂ ನಿಂತಿಲ್ಲ. ರಾತ್ರಿ ಒಂಬತ್ತಕ್ಕೆ ಲೆಕ್ಕ ಕಳಿಸಿ, ಬೆಳಿಗ್ಗೆ ‘ಮೊಬೈಲ್ ಮುಟ್ಟಬೇಡ’ ಎಂದರೆ ಮಗು ಯಾವ ಮಾತು ಕೇಳಬೇಕು? ಹೋಮ್‌ವರ್ಕ್ ಡೈರಿಗೆ ಮರಳಲಿ. ಪಾಲಕರ ಸಭೆಗೆ ತಾಯಂದಿರು ಮೊಬೈಲ್ ತರಲಿ, ಖಾತೆಯಲ್ಲಿ ಯಾವ ವರ್ಷವಿದೆ ಎಂದು ಕೂಡಿ ನೋಡೋಣ.

ಖಾತೆ ಅಳಿಸುವ ಮುನ್ನ ಮಗಳ ಪಕ್ಕ ಕುಳಿತುಕೊಳ್ಳಿ. ಯಾರಾದರೂ ಫೋಟೋ ಕೇಳಿ ಹೆದರಿಸಿದ್ದರೆ ಬೈಯಬೇಡಿ, ಆ ಸಂದೇಶಗಳನ್ನು ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.