ವಿಜ್ಞಾನವೋ ಎಂಜಿನಿಯರಿಂಗೋ?

ಮಳವಳ್ಳಿ ತಾಲ್ಲೂಕಿನ ಬ್ಲಫ್ ಚಿಕ್ಕ ಊರು. ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿಗಳನ್ನು ನೋಡಲು ಬರುವವರಲ್ಲಿ ಅನೇಕರು ಅದರ ಹೆಸರನ್ನೂ ಕೇಳದೆ ಹಿಂತಿರುಗುತ್ತಾರೆ. ಆದರೆ ಕಾವೇರಿಯ ನೀರು ಕೊಳವೆಗಳಲ್ಲಿ ಧುಮುಕಿ ಚಕ್ರಗಳನ್ನು ತಿರುಗಿಸಿ ವಿದ್ಯುತ್ತನ್ನು ಹುಟ್ಟಿಸುವುದು ಅಲ್ಲಿಯೇ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಕಾರ್ಯ 1902ರಲ್ಲಿ ಫಲಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿಗೂ ಬೆಳಕು ಬಂದಿತು.

ಮುಂದೆ ವಿಜ್ಞಾನವನ್ನು ಓದಬೇಕೆ, ಎಂಜಿನಿಯರಿಂಗನ್ನು ಓದಬೇಕೆ ಎಂದು ತೊಳಲುವ ವಿದ್ಯಾರ್ಥಿಗೆ ಈ ವಿದ್ಯುದಾಗಾರ ಒಳ್ಳೆಯ ಪಾಠ. ಸುರುಳಿ ಸುತ್ತಿದ ತಂತಿಯ ಬಳಿ ಅಯಸ್ಕಾಂತ ಚಲಿಸಿದರೆ ತಂತಿಯಲ್ಲಿ ವಿದ್ಯುತ್ ಹರಿಯುವುದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡನು. ನಿಸರ್ಗದ ನಿಯಮವನ್ನು ಅರಿಯುವುದೇ ಅಲ್ಲಿಯ ಗುರಿ, ಅದು ವಿಜ್ಞಾನ. ಎಪ್ಪತ್ತು ವರ್ಷಗಳ ತರುವಾಯ ಬ್ಲಫ್‌ನಲ್ಲಿ ಎದುರಾದ ಪ್ರಶ್ನೆಯೇ ಬೇರೆ. ವಿದ್ಯುತ್ತು ದೂರ ಸಾಗಿದಷ್ಟೂ ತಂತಿ ಕಾಯ್ದು ಶಕ್ತಿ ವ್ಯರ್ಥವಾಗುತ್ತದೆ. ಆ ನಷ್ಟ ಪ್ರವಾಹದ ವರ್ಗಕ್ಕೆ ಅನುಗುಣವಾದುದು. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಹತ್ತನೆಯ ಒಂದು ಪಾಲು ಪ್ರವಾಹ ಸಾಕು. ನಷ್ಟ ನೂರನೆಯ ಒಂದು ಪಾಲಿಗಿಳಿಯುತ್ತದೆ. ಲೆಕ್ಕವನ್ನು ಭೌತಶಾಸ್ತ್ರ ಕೊಟ್ಟಿತು. ತಂತಿ ಎಷ್ಟು ದಪ್ಪವಿರಬೇಕು, ಮಳೆಗಾಳಿಗೆ ಕಂಬ ನಿಲ್ಲುವುದೆ, ಇರುವ ಹಣದಲ್ಲಿ ಕೆಲಸ ಮುಗಿಯುವುದೆ ಎಂಬುದನ್ನು ಎಂಜಿನಿಯರನೇ ನಿರ್ಧರಿಸಬೇಕಾಯಿತು.

‘ಏಕೆ ಹೀಗೆ?’ ಎಂಬ ಪ್ರಶ್ನೆ ಒಬ್ಬನನ್ನು ಬಿಡದೆ ಕಾಡಿದರೆ, ‘ಇದನ್ನು ಮಾಡುವುದು ಹೇಗೆ?’ ಎಂಬುದು ಇನ್ನೊಬ್ಬನನ್ನು ಕಾಡುತ್ತದೆ. ಎರಡೂ ಸಮನಾಗಿ ಕಾಡುವವರೇ ಹೆಚ್ಚು, ಅದು ದೌರ್ಬಲ್ಯವೇನಲ್ಲ. ಅಂಥವರಿಗೆ ಕಾಲಾವಕಾಶವೂ ಉಂಟು. ಪದವಿಪೂರ್ವ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳು ಎರಡು ದಾರಿಗಳಿಗೂ ಬುನಾದಿ.

ತೊಡಕು ಬರುವುದು ಅದರ ಅನಂತರ. ಕಬ್ಬಿನ ಹಣದಿಂದಲೇ ಶುಲ್ಕ ಕಟ್ಟುವ ಮನೆಯಲ್ಲಿ ಮಗಳು ಒಲ್ಲದ ಶಾಖೆಗೆ ಸೇರಿ ವರ್ಷದ ಬಳಿಕ ಬಿಟ್ಟುಬಂದರೆ, ಕಳೆಯುವುದು ಅವಳ ಒಂದು ವರ್ಷ ಮಾತ್ರವಲ್ಲ, ಹೊಲದ ಒಂದು ಬೆಳೆಯೂ ಹೌದು. ಆದುದರಿಂದ ಕಾಲೇಜಿನ ಕೀರ್ತಿಗಿಂತ ಮೊದಲು ವಿಚಾರಿಸಬೇಕಾದುದು ಅಲ್ಲಿ ಮನಸ್ಸು ಬದಲಾದವರಿಗೆ ಬಾಗಿಲು ತೆರೆದಿದೆಯೇ ಎಂಬುದನ್ನು. ಎಂಜಿನಿಯರಿಂಗ್ ಕಾಲೇಜಾದರೆ ಮೊದಲ ವರ್ಷದ ಬಳಿಕ ಶಾಖೆ ಬದಲಿಸಬಹುದೆ? ವಿಜ್ಞಾನದ ಕಾಲೇಜಾದರೆ ಭೌತಶಾಸ್ತ್ರದೊಡನೆ ಗಣಿತವನ್ನೂ ಕೊನೆಯವರೆಗೆ ಓದಬಹುದೆ? ಪ್ರಯೋಗಾಲಯದ ಉಪಕರಣಗಳು ವಿದ್ಯಾರ್ಥಿಗಳ ಕೈಗೆ ಬರುತ್ತವೆಯೋ, ಬೀರುವಿನಲ್ಲೇ ಇರುತ್ತವೆಯೋ? ಇದನ್ನು ಕಚೇರಿಯಲ್ಲಿ ಕೇಳಿ ಫಲವಿಲ್ಲ. ಅಲ್ಲಿ ಓದುತ್ತಿರುವವರನ್ನೇ ಕೇಳಬೇಕು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವರಿಗೂ ಎಂ.ಟೆಕ್.ನ ಕೆಲವು ಶಾಖೆಗಳಲ್ಲಿ ಪ್ರವೇಶವುಂಟೆಂಬುದು ಹಳ್ಳಿಗಳಲ್ಲಿ ಬಹಳ ಜನಕ್ಕೆ ತಿಳಿಯದು. ಮಂಡ್ಯದಲ್ಲಿಯೇ 1962ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷಗಳ ವಿಜ್ಞಾನ ಪದವಿಯನ್ನು ಆರಂಭಿಸಿತು.

ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಇಷ್ಟು ಆಯ್ಕೆಗಳಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದ ಅವರು, ಸಂಸ್ಥಾನದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ 1883ರಲ್ಲಿ ಎಂಜಿನಿಯರರಾದರು. ಒಂದು ಪದವಿಯಾದ ಮೇಲೆ ದಾರಿ ಬದಲಿಸಲು ಅಷ್ಟು ದೂರ ಹೋಗಬೇಕಾಯಿತು. ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲೇ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇಂದು ಅದು ಅವರ ಹೆಸರನ್ನೇ ಹೊತ್ತಿದೆ.